ಹನ್ನೊಂದು ನಿಮಿಷದ ಚಹಾ

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂಜರಿಕೆ ಪರೀಕ್ಷೆ ನನ್ನ ಕೆಲಸ. ಆಸ್ತಿಯ ಹಕ್ಕು ಬಿಟ್ಟುಕೊಡುವವರು ಬಲಗೈಯಲ್ಲಿ ಸಹಿ ಹಾಕುತ್ತಿರುವಾಗಲೇ ಎಡಗೈ ಬೆರಳಿನಿಂದ ಒಂದು ಹನಿ ರಕ್ತ ತೆಗೆಯುತ್ತೇನೆ. ಮನಸ್ಸು ಹಿಂಜರಿದರೆ ರಕ್ತದಲ್ಲಿ ಒಂದು ಫ್ರೀ ರ‍್ಯಾಡಿಕಲ್ ಎಂಬ ಕಣ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುತ್ತದೆ. ಕೊಳವೆಯ ದ್ರಾವಣ ಅದನ್ನು ಹಿಡಿದು ಹತ್ತು ನಿಮಿಷ ಉಳಿಸುತ್ತದೆ. ಅಷ್ಟರೊಳಗೆ ಯಂತ್ರಕ್ಕಿಟ್ಟರೆ ಪರದೆಯ ಮೇಲೆ ಗೆರೆ ಏಳುತ್ತದೆ. ಗೆರೆ ಎದ್ದರೆ ಪತ್ರ ನೋಂದಣಿಯಾಗುವುದಿಲ್ಲ.

ಹತ್ತು ನಿಮಿಷ ಕಳೆಯಲೆಂದು, ಹಕ್ಕು ಬಿಡಲು ಬಂದ ಹೆಣ್ಣುಮಕ್ಕಳ ಅಣ್ಣತಮ್ಮಂದಿರು ನನಗೆ ಚಹಾ ತರಿಸುತ್ತಾರೆ. ನಾನು ಮುಟ್ಟುವುದಿಲ್ಲ.

ತವರಿನ ಹೊಲದ ಪಾಲು ಬಿಟ್ಟುಕೊಡಲು ನೀಲವ್ವ ಇವತ್ತು ಮೂರನೇ ಸಲ ಬಂದಿದ್ದಳು. ಹಿಂದಿನ ಎರಡೂ ಸಲ ಗೆರೆ ಎದ್ದಿತ್ತು. "ಈ ಸಲರೆ ಮನಸು ಗಟ್ಟಿ ಮಾಡ್ಕೊಂಡ್ ಬಂದೀಯಿಲ್ಲ?" ಎಂದು ಅವಳ ಅಣ್ಣ ಈರಪ್ಪ ಬಾಗಿಲಲ್ಲೇ ನಿಂತು ಕೇಳಿದ.

ಸಹಿ ಹಾಕಿ, ರಕ್ತ ಕೊಟ್ಟ ನೀಲವ್ವ ತಾನೇ ಹೊರಗೆ ಹೋಗಿ ಚಹಾ ತಂದಳು.

"ಸಾವಕಾಶ ಕುಡೀರಿ ಅಕ್ಕಾರ," ಎಂದಳು ಮೆಲ್ಲಗೆ. "ಇವತ್ತೂ ಆಗಲಿಲ್ಲಂದ್ರ ಪಂಚಮಿಗೆ ನನ್ನ ಕರಿಯಾಕ ಬರೂದಿಲ್ಲ ಅಂದಾನ್ರಿ."

"ಹೊಲ ಬ್ಯಾಡೇನವಾ ನಿನಗ?"

"ಬೇಕ್ರೀ. ಅಣ್ಣನೂ ಬೇಕಲ್ರೀ."

ಚಹಾ ಬಹಳ ಬಿಸಿಯಿತ್ತು. ಕುಡಿದು ಮುಗಿಸಲು ಹನ್ನೊಂದು ನಿಮಿಷ ಹಿಡಿಯಿತು. ಆಮೇಲೆ ಕೊಳವೆಯನ್ನು ಯಂತ್ರಕ್ಕಿಟ್ಟೆ. ಗೆರೆ ಏಳಲಿಲ್ಲ.

ಈರಪ್ಪ ಬಗ್ಗಿ ನೋಡಿದ. "ಹಿಂಜರಿಕೆ ಇರಲಿಲ್ಲ ಅಂತ ಬರೀರಿ ಮತ್ತ."

"ಹಂಗ ಬರಿಯಾಕ ಬರೂದಿಲ್ರಿ," ಎಂದೆ. ‘ಪತ್ತೆಯಾಗಿಲ್ಲ’ ಎಂದಷ್ಟೇ ಬರೆದು ಸಹಿ ಹಾಕಿದೆ. ನಮ್ಮ ಸಹಿಗೆ ಸೂಜಿ ಚುಚ್ಚುವ ನಿಯಮವಿಲ್ಲ.