ರಿಜಿಸ್ಟ್ರಾರರ ಮೂಗುದನಿ

ವಕೀಲ ನಿಜ ಹೇಳುತ್ತೇನೆಂದರೆ ನೀವು ನಗುತ್ತೀರಿ. ಆದರೂ ಇದು ನಡೆದದ್ದು.

ಹದಿನೆಂಟು ವರ್ಷ ಕರಿಕೋಟು ಸವೆಸಿದ ಮೇಲೆ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆ, ಸಂದರ್ಶನ ಎರಡೂ ಪಾಸಾದೆ. ಉಳಿದದ್ದು ನನ್ನ ನಡತೆಯ ವಿಚಾರಣೆ ಮಾತ್ರ. ಅರ್ಜಿಯಲ್ಲಿ ಹೈಕೋರ್ಟ್ ರಿಜಿಸ್ಟ್ರಾರರು ಯಾರನ್ನು ಕೇಳಬಹುದು ಎಂಬ ಜಾಗದಲ್ಲಿ ನನ್ನ ಜೀವದ ಗೆಳೆಯ, ಜೊತೆ ವಕೀಲನ ಹೆಸರು ಬರೆದಿದ್ದೆ.

ಅವನು ಏನು ಹೇಳುತ್ತಾನೋ ನೋಡೋಣವೆಂದು ಬೇರೆ ನಂಬರಿನಿಂದ ನಾನೇ ಫೋನ್ ಮಾಡಿದೆ. ವಕೀಲರ ಸಂಘದಲ್ಲಿ ದಿನಾ ಅಣಕಿಸಿ ನಗಿಸುತ್ತಿದ್ದ ರಿಜಿಸ್ಟ್ರಾರರ ಮೂಗುದನಿಯಲ್ಲೇ ನನ್ನ ಬಗ್ಗೆ ಕೇಳಿದೆ.

"ಅವನಾ ಸಾರ್? ಕಕ್ಷಿದಾರ ಬಾಟಲಿ ತರದೆ ಫೈಲೇ ಬಿಚ್ಚಲ್ಲ. ಸುಳ್ಳು ಸಾಕ್ಷಿ ತಯಾರು ಮಾಡೋದ್ರಲ್ಲಿ ಮಾತ್ರ ಎತ್ತಿದ ಕೈ."

ಮರುದಿನ ಸಂಘದಲ್ಲಿ ಎಲ್ಲರೆದುರು ಅವನ ಮುಂದೆ ನಿಂತು ಅದೇ ಮೂಗುದನಿ ತೆಗೆದೆ. "ನಿನ್ನೆ ಫೋನಿನಲ್ಲಿ ಏನಂದ್ರಿ, ದ್ರೋಹಿಗಳೇ?"

ಎಲ್ಲರೂ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

"ನಿನ್ನ ದನಿ ನಂಗೆ ಗೊತ್ತಾಗಲ್ವೇನೋ? ಅದಕ್ಕೇ ಹಾಗೆ ರೈಲು ಬಿಟ್ಟೆ. ಹೋದ ವಾರ ನೀನು ಇದೇ ದನಿಯಲ್ಲಿ ಫೋನ್ ಮಾಡಿದಾಗಲೂ ಇದನ್ನೇ ಹೇಳಿದ್ದೆನಲ್ಲೋ."

ನಾನು ಫೋನ್ ಮಾಡಿದ್ದು ನಿನ್ನೆ ಮಾತ್ರ.