ಕೆಂಚನ ಎತ್ತರ

2025ರ ಫೆಬ್ರವರಿ 16, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹರಿಹರದ ಶಾಲೆಯೊಂದರ ಮೈದಾನದಲ್ಲಿ ನಾಯಿಗಳ ಜಿಗಿತದ ಸ್ಪರ್ಧೆಗಾಗಿ ನಾಗಭೂಷಣ್ ಮೊಣಕಾಲೂರಿ ಕುಳಿತು ಷಡ್ಡಕ ಪ್ರಶಾಂತನ ನಾಯಿಯ ಎತ್ತರ ಅಳೆಯುತ್ತಿದ್ದ. ಹೆಗಲಿನ ಎತ್ತರ ನಲವತ್ತು ಸೆಂಟಿಮೀಟರಿನವರೆಗೆ ಇದ್ದರೆ ಸಣ್ಣ ಗುಂಪು, ಅದಕ್ಕೆ ಮೇಲಾದರೆ ದೊಡ್ಡ ಗುಂಪು. ಸಣ್ಣ ಗುಂಪಿನ ನಾಯಿಗಳು ಮೂವತ್ತು ಸೆಂಟಿಮೀಟರ್ ಎತ್ತರದ ಅಡ್ಡಗೋಲು ಹಾರಿದರೆ ಸಾಕು. ದೊಡ್ಡವು ಐವತ್ತು ಹಾರಬೇಕು.

ನಾಗಭೂಷಣನ ಬೀಗಲ್ ಡೆಲ್ಟಾ ಸಣ್ಣ ಗುಂಪಿನಲ್ಲಿತ್ತು. ಅಲ್ಲಿ ಅದನ್ನು ಸೋಲಿಸಬಲ್ಲ ನಾಯಿ ಒಂದೇ, ವಿನೋಬನಗರದ ಬೀದಿಯಿಂದ ಪ್ರಶಾಂತ ಎತ್ತಿಕೊಂಡು ಬಂದು ಸಾಕಿದ ಈ ಕೆಂಚ. ಗೆದ್ದವರಿಗೆ ಕಪ್ಪು ಕೊಡಲು ಬಂದು ಶಾಮಿಯಾನದಡಿ ಕುಳಿತಿದ್ದವರು ಇಬ್ಬರಿಗೂ ಮಾವ, ವಾಮದೇವಪ್ಪ.

ಆ ವಾರ ನಾಗಭೂಷಣ್ ಕೂತದ್ದೇ ಇಲ್ಲ. ಎರಡು ದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ, ಸ್ವಯಂಸೇವಕರ ಜೊತೆ ಸೇರಿ ಬೀದಿ ನಾಯಿಗಳಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿದ್ದ. ಅಡ್ಡಗೋಲುಗಳಿಗೆ ದಾವಣಗೆರೆಯಲ್ಲಿ ಪೈಪು ಕೊಯ್ಯಿಸಿ ಬೈಕಿಗೆ ಕಟ್ಟಿ ತಂದಿದ್ದ. ನಾಯಿಗಳು ನೆಗೆದು ಬೀಳುವಲ್ಲಿ ಹಾಸಲು ಸಾರಥಿ ಗ್ರಾಮದಿಂದ ಹುಲ್ಲು ತರಿಸಿದ್ದ. ಇದರ ನಡುವೆ ಮಾವನ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಾಕಿ, ಅತ್ತೆ ನಿರ್ಮಲಮ್ಮನನ್ನು ರಕ್ತಪರೀಕ್ಷೆಗೆ ಕರೆದೊಯ್ದು ತಂದು ಬಿಟ್ಟಿದ್ದ. ಶನಿವಾರ ಸಂಜೆ ಪ್ರಶಾಂತ ಕೈಬೀಸಿಕೊಂಡು ಬಂದು ಮಾವನ ಎದುರು ಕೂತ. ಅತ್ತೆ ಮಿರ್ಚಿಗೆ ಎಣ್ಣೆ ಇಟ್ಟರು. ವಾಮದೇವಪ್ಪ ಟಿವಿ ಆರಿಸಿ ಅವನ ಕಡೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾಗಭೂಷಣನ ಎದುರು ಆ ಟಿವಿ ಒಮ್ಮೆಯೂ ಆರಿರಲಿಲ್ಲ.

ಈ ಬೆಳಿಗ್ಗೆ ಉಳಿದ ನಾಯಿಗಳನ್ನು ಸುಮ್ಮನೆ ನಿಲ್ಲಿಸಿ, ಮೂರು ಸಲ ಅಳೆದು, ಸರಾಸರಿ ತೆಗೆದಿದ್ದ. ಕೆಂಚನ ಮೊದಲ ಅಳತೆ ನಲವತ್ತರ ಕೆಳಗೇ ನಿಂತಿತು. ಅದನ್ನು ಅವನು ಹೇಳಲಿಲ್ಲ. ಎಡಗೈಯಲ್ಲಿ ಬಿಸ್ಕತ್ತು ಹಿಡಿದು ಮೇಲೆತ್ತಿದ. ಕೆಂಚ ಕತ್ತು ಚಾಚಿ ಉಗುರಿನ ಮೇಲೆ ನಿಂತಿತು, ಹೆಗಲೂ ಏರಿತು. ಅಳತೆಕೋಲು ಈಗ ನಲವತ್ತು ಪಾಯಿಂಟ್ ಏಳು ತೋರಿಸಿತು. ಕೋಲಿನಲ್ಲಿ ಇಲ್ಲದ ಸಂಖ್ಯೆಯನ್ನೇನೂ ತಾನು ಹೇಳುತ್ತಿಲ್ಲ ಎಂದುಕೊಂಡ.

“ದೊಡ್ಡ ಗುಂಪಿಗೆ ಹೋಗ್ತೈತಪ್ಪ ಪ್ರಶಾಂತ. ನಲವತ್ತರ ಮ್ಯಾಲೈತೆ.”

ಪ್ರಶಾಂತ ಕೋಲಿನ ಕಡೆ ನೋಡಲೂ ಇಲ್ಲ. “ನೀವು ಅಳದ್ರೆ ಮುಗೀತು ಬಿಡ್ರಿ ಅಣ್ಣ. ಏನಲೇ ಕೆಂಚ, ಯಾವಾಗ ಬೆಳದೆ ನೀನು? ನನಗೆ ಹೇಳಲೇ ಇಲ್ಲ.”

ಸುತ್ತ ನಿಂತವರು ನಕ್ಕರು. ಅದೂ ನಾಗಭೂಷಣನನ್ನು ಚುಚ್ಚಿತು. ಸೋಲಲು ಹೊರಟವನೂ ಹೀಗೆ ಜನರನ್ನು ನಗಿಸಬಹುದೇ?

ಸಣ್ಣ ಗುಂಪಿನಲ್ಲಿ ಡೆಲ್ಟಾ ಗೆದ್ದಿತು. ವಾಮದೇವಪ್ಪ ಕುಳಿತಲ್ಲಿಂದಲೇ ಕಪ್ಪು ಕೊಟ್ಟು, ಚಲೋ ಆಯ್ತು ಎಂದು, ಪಕ್ಕದವರ ಜೊತೆ ಮಾತು ಮುಂದುವರಿಸಿದರು.

ದೊಡ್ಡ ಗುಂಪಿನಲ್ಲಿ ಲ್ಯಾಬ್ರಡಾರ್‌ಗಳೂ ಒಂದು ಡಾಬರ್‌ಮನ್ನೂ ಒಂದಲ್ಲ ಒಂದು ಅಡ್ಡಗೋಲು ಬೀಳಿಸಿದವು. ಕೊನೆಗೆ ಬಂದ ಕೆಂಚ ಮೊದಲ ಅಡ್ಡಗೋಲಿನ ಎದುರು ನಿಂತು, ಇದೇನು ಎಂಬಂತೆ ಒಡೆಯನ ಮುಖ ನೋಡಿತು. ಪ್ರಶಾಂತ ಪ್ಯಾಂಟು ಮಡಚಿ, ಓಡಿ, ತಾನೇ ಅದನ್ನು ಹಾರಿ, ಆಚೆ ಹುಲ್ಲಿನ ಮೇಲೆ ಮುಗ್ಗರಿಸಿ ಬಿದ್ದ. ಅವನ ಹಿಂದೆಯೇ ಕೆಂಚ ಹಾರಿತು. ಆಮೇಲೆ ನಿಲ್ಲಲಿಲ್ಲ. ಒಂದು ಅಡ್ಡಗೋಲೂ ಅಲುಗಲಿಲ್ಲ. ಮೈದಾನದ ಕಾಂಪೌಂಡಿನ ಮೇಲೆ ಕೂತವರು ಸಿಳ್ಳೆ ಹಾಕಿದರು.

ವಾಮದೇವಪ್ಪ ಕುರ್ಚಿ ಬಿಟ್ಟು ಬಿಸಿಲಿಗೆ ಇಳಿದು ಬಂದರು. ಈ ನಾಯಿಯ ಎತ್ತರ ಎಷ್ಟು ಎಂದು ಮೈಕು ಹಿಡಿದಿದ್ದ ಸ್ವಯಂಸೇವಕಿ ಅಂಕಿತಾಳನ್ನು ಕೇಳಿದರು. ಅವಳು ನಲವತ್ತು ಪಾಯಿಂಟ್ ಏಳು ಎಂದಳು. ಅವರು ಒಪ್ಪಲಿಲ್ಲ.

“ಡೆಲ್ಟಾನ ಪಕ್ಕ ನಿಂತ್ರೆ ಅಕ್ಕ-ತಮ್ಮ ಇದ್ದಂಗೈತೆ. ಇದು ದೊಡ್ಡದು ಹೆಂಗಾಯ್ತು? ಬೆಳಿಗ್ಗೆ ಕುಣೀತಿತ್ತೇನೋ. ಈಗ ಸುಮ್ನೆ ನಿಂತೈತೆ, ಇನ್ನೊಂದ್ಸಲ ಅಳೀರಿ ನಾಗಭೂಷಣ್.”

“ಬ್ಯಾಡ ಬಿಡ್ರಿ ಮಾವ,” ಎಂದ ಪ್ರಶಾಂತ, ಮೊಣಕೈಯ ಹುಲ್ಲು ಕೊಡವುತ್ತ. “ಅಣ್ಣನ ಅಳತೆ ತಪ್ಪೋದಿಲ್ಲ.”

“ಅದಕ್ಕೇ ಅವರಿಗೇ ಹೇಳಿದ್ದು,” ಎಂದರು ವಾಮದೇವಪ್ಪ.

ನಾಗಭೂಷಣ್ ಮತ್ತೆ ಮೊಣಕಾಲೂರಿದ. ದಣಿದ ಕೆಂಚ ನಾಲಿಗೆ ಇಳಿಬಿಟ್ಟು ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಒಂದು ಸಲ ಅಳೆದ. ಎರಡನೆಯ ಸಲ, ಮೂರನೆಯ ಸಲ ಅಳೆದ. ಮೂರೂ ಒಂದೇ ಬಂತು. ನಲವತ್ತರ ಮೇಲಿನ ಯಾವ ಸಂಖ್ಯೆ ಹೇಳಿದರೂ ಇವರು ನಂಬುತ್ತಾರೆ. ಕೆಳಗಿನದನ್ನು ಹೇಳಿದರೆ ಐವತ್ತು ಹಾರಿದ ಕೆಂಚ ಸಣ್ಣ ಗುಂಪಿನದು, ತನ್ನ ಕಪ್ಪು ತನ್ನದಲ್ಲ, ಪ್ರಶಾಂತನ ಗೆಲುವು ಎರಡರಷ್ಟು. ತಲೆ ಎತ್ತಿದ. ವಾಮದೇವಪ್ಪ ಪಕ್ಕದವರ ಮಾತಿಗೆ ಕೈ ಅಡ್ಡ ಹಿಡಿದು, ಅವನ ಮುಖವನ್ನೇ ನೋಡುತ್ತಿದ್ದರು. ಅವನ ಒಂದು ಮಾತಿಗೆ ಮಾವ ಹೀಗೆ ಕಾದು ನಿಂತದ್ದು ಇದೇ ಮೊದಲು. ಅಂಕಿತಾ ಮೈಕನ್ನು ಅವನ ಬಾಯಿಯ ಹತ್ತಿರ ತಂದಳು.

“ಮೂವತ್ತೊಂಬತ್ತು ಪಾಯಿಂಟ್ ಎರಡು ಸೆಂಟಿಮೀಟರ್.”