ಪಾತ್ರೆ ಇಳಿಸುವ ಹೊತ್ತು

ಸೋದರತ್ತೆ ಚಿಕ್ಕಮಾದಮ್ಮ ಹಲಗೆ ಮೇಲಿನ ಪಾತ್ರೆಗಳನ್ನು ಸರಸರ ನೆಲಕ್ಕಿಳಿಸುವುದನ್ನು ಕಂಡು ರಾಜೇಂದ್ರನಿಗೆ ನಗು ಬಂತು. ಮಳವಳ್ಳಿಯಾಚೆಯ ಆ ಗುಡ್ಡದೂರಿನಲ್ಲಿ ಅವನು ಹುಡುಗನಾಗಿದ್ದಾಗ, ಕಲ್ಲುಗಣಿಯಲ್ಲಿ ಮದ್ದು ಸಿಡಿಸುವ ಮುಂಚೆ ಪಾತ್ರೆ ಉರುಳದಿರಲೆಂದು ಎಲ್ಲರೂ ಹೀಗೇ ಮಾಡುತ್ತಿದ್ದರು.

“ಗಣಿ ಮುಚ್ಚಿ ಎಷ್ಟೊರ್ಸ ಆಯ್ತತ್ತೆ! ಇನ್ನೂ ಅದೇ ಚಾಳಿನಾ?” ಎಂದ.

“ಮುಚ್ಚಿರಾದು ಕಾಗ್ದದಲ್ಲಿ ಕಣ್ಲಾ. ಈಗ ಕದ್ದು ಸಿಡುಸ್ತರೆ. ಸೀಟಿ ಊದುದ್ದು ಕೇಳ್ನಿಲ್ವಾ?”

ಕೇಳಿತ್ತು. ಯಾವುದೋ ಹಕ್ಕಿಯೆಂದುಕೊಂಡಿದ್ದ. ಊರು ನೋಡಲು ಜೊತೆಗೆ ಬಂದಿದ್ದ ಹೆಂಡತಿ ಅರುಂಧತಿಯನ್ನು, ಭಯವಿಲ್ಲ ಹೋಗು ಎಂದು ಗಣಿಯ ಹೊಂಡದ ಕಡೆಗೆ ಕಳಿಸಿದವನೂ ಅವನೇ.

ಬಾಗಿಲಿಗೆ ಓಡಿ, “ಬಾ, ಬಾ” ಎಂದು ಕಿರುಚುತ್ತ ಎರಡೂ ಕೈ ಬೀಸಿದ. ದೂರದಲ್ಲಿ, ಹೊಂಡದಂಚಿನಲ್ಲಿ, ಅರುಂಧತಿ ತಿರುಗಿ ನೋಡಿದಳು. ಮಾತು ಕೇಳಿಸಲಿಲ್ಲವೇನೋ. ತಾನೂ ಕೈ ಬೀಸಿ, ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ನಿಲ್ಲುವವಳಂತೆ ಅಲ್ಲೇ ನೆಟ್ಟಗೆ ನಿಂತಳು.